ಕಾಬೂಲಿನ ಗಾಯನಸ್ಪರ್ಧೆಯೊಂದರ ಚರಿತ್ರೆ

ಆಫ್ಘಾನಿಸ್ತಾನದ ಇತ್ತೀಚಿನ ಇತಿಹಾಸವನ್ನು ಬರೆಯತೊಡಗಿದವರು ಯುದ್ಧಗಳನ್ನೂ ಒಪ್ಪಂದಗಳನ್ನೂ ಕುರಿತು ಬರೆದಷ್ಟು ಅಲ್ಲಿಯ ಮನರಂಜನೆಯನ್ನು ಕುರಿತು ಬರೆದಿಲ್ಲ. ಅದು ಸಹಜವೇ ಸರಿ. ಆದರೂ ೨೦೦೫ರಲ್ಲಿ ಕಾಬೂಲಿನ ಟೋಲೋ ಟೆಲಿವಿಷನ್ ಸಂಸ್ಥೆಯು ಆರಂಭಿಸಿದ ‘ಆಫ್ಘನ್ ಸ್ಟಾರ್’ ಎಂಬ ಗಾಯನಸ್ಪರ್ಧೆಯು ಇತಿಹಾಸದ ವಿದ್ಯಾರ್ಥಿಯ ಗಮನಕ್ಕೆ ಅರ್ಹವಾದುದೆಂದು ತೋರುತ್ತದೆ.

ಆ ನಾಡಿಗೆ ಸಂಗೀತವು ಹೊಸದಲ್ಲ. ೧೮೬೦ರ ದಶಕದಲ್ಲಿ ಅಮೀರ್ ಶೇರ್ ಅಲಿ ಖಾನನು ಹಿಂದೂಸ್ತಾನದಿಂದ ಗಾಯಕರನ್ನು ಕರೆತಂದು ಆಸ್ಥಾನದಲ್ಲಿರಿಸಿಕೊಂಡನು. ಅವರ ಸಂತತಿಯವರು ನೆಲಸಿದ ಖರಾಬಾತ್ ಕೇರಿಯು ಕಾಬೂಲಿನ ಸಂಗೀತದ ತವರಾಯಿತು. ಉಸ್ತಾದ್ ಸರಾಹಂಗರು ಪಟಿಯಾಲಾ ಘರಾಣೆಯಲ್ಲಿ ಶಿಕ್ಷಣ ಪಡೆದುದನ್ನು ನಮ್ಮ ಸಂಗೀತಪ್ರಿಯರು ಬಲ್ಲರು. ಇಂತಹ ಪರಂಪರೆಗೆ ೧೯೯೬ರಿಂದ ೨೦೦೧ರವರೆಗೆ ಆಳಿದ ತಾಲಿಬಾನರು ತಡೆಯೊಡ್ಡಿದರು. ವಾದ್ಯಸಂಗೀತವು ನಿಷಿದ್ಧವಾಯಿತು, ಕ್ಯಾಸೆಟ್ಟುಗಳಿಂದ ಕಿತ್ತ ನಾಡಾಗಳನ್ನು ಕಂಬಗಳಿಗೆ ತೂಗಹಾಕಲಾಯಿತು. ವಾದ್ಯವಿಲ್ಲದ ಸ್ತುತಿಗೀತಗಳಿಗೆ ಮಾತ್ರ ಅವಕಾಶವಿದ್ದಿತು.

ಸ್ಪರ್ಧೆಯ ಕ್ರಮವು ಪಾಶ್ಚಾತ್ಯ ಮಾದರಿಯದು. ಮೊದಲ ಹಂತಗಳಲ್ಲಿ ತೀರ್ಪುಗಾರರು ಅಭ್ಯರ್ಥಿಗಳನ್ನು ಆರಿಸುವರು. ಅನಂತರ ಪ್ರೇಕ್ಷಕರು ಮೊಬೈಲ್ ದೂರವಾಣಿಯ ಸಂದೇಶದ ಮೂಲಕ ಮತ ನೀಡುವರು. ದೇಶದಲ್ಲಿ ಅಧ್ಯಕ್ಷ ಪದವಿಗೆ ಮೊದಲ ನೇರ ಚುನಾವಣೆ ನಡೆದುದು ೨೦೦೪ರ ಅಕ್ಟೋಬರಿನಲ್ಲಿ. ಅದರ ಮರುವರ್ಷವೇ ಈ ಸ್ಪರ್ಧೆ ಬಂದುದರಿಂದ, ಇದನ್ನು ಪ್ರಜಾಪ್ರಭುತ್ವದ ಪಾಠಶಾಲೆಯೆಂದು ಹಲವರು ಹೊಗಳಿದರು. ಈ ಹೊಗಳಿಕೆಯನ್ನು ಪೂರ್ಣವಾಗಿ ಒಪ್ಪಲಾಗದು. ಒಬ್ಬನಿಗೆ ಒಂದೇ ಮತವೆಂಬ ಕಟ್ಟಳೆ ಇಲ್ಲಿರಲಿಲ್ಲ; ಹಣವುಳ್ಳವನು ಎಷ್ಟು ಸಂದೇಶಗಳನ್ನಾದರೂ ಕಳುಹಬಹುದಾಗಿತ್ತು. ಕುಲಾಭಿಮಾನವೂ ಕೆಲಸಮಾಡುತ್ತಿದ್ದಿತು. ೨೦೦೮ರಲ್ಲಿ ಮುಗಿದ ಮೂರನೆಯ ಆವೃತ್ತಿಯ ಕೊನೆಯ ಹಂತದಲ್ಲಿ ತಾಜಿಕನಾದ ರಫಿ ನಾಬ್‌ಜಾದಾ, ಹಜಾರಾ ಪಂಗಡದ ಹಮೀದ್ ಸಖಿಜಾದಾ, ಕಂದಹಾರದ ಪಶ್ತೂನ್ ಯುವತಿ ಲೇಮಾ ಸಹರ್ ಇದ್ದರು; ಅಭಿಮಾನಿಗಳು ಬಹುಮಟ್ಟಿಗೆ ತಮ್ಮ ತಮ್ಮವರ ಬೆನ್ನಿಗೇ ನಿಂತರು. ಗೆದ್ದವನು ರಫಿ. ಆದರೆ ಒಂದು ಮಾತನ್ನು ಹೇಳಲೇಬೇಕು: ಸೋತವರು ಸೋಲನ್ನೊಪ್ಪಿ ಮನೆಗೆ ಹೋದರು. ೨೦೧೪ರ ಅಧ್ಯಕ್ಷೀಯ ಚುನಾವಣೆಯಲ್ಲಿಯಾದರೋ, ಜಗಳ ಬಗೆಹರಿಯದೆ, ಮತಗಳ ಲೆಕ್ಕವನ್ನು ಹೇಳದೆಯೇ ಆಯೋಗವು ವಿಜೇತನನ್ನು ಘೋಷಿಸಬೇಕಾಯಿತು!

ನಿಜವಾಗಿ ಪಣವಾಗಿದ್ದುದು ಸ್ತ್ರೀಯರ ದನಿ. ಅದೇ ಮೂರನೆಯ ಆವೃತ್ತಿಯಲ್ಲಿ ಹೆರಾತಿನ ಸೆತಾರಾ ಹುಸೇನ್‌ಜಾದಾ ತನ್ನ ಬೀಳ್ಕೊಡುಗೆಯ ಹಾಡಿನ ವೇಳೆ ವೇದಿಕೆಯ ಮೇಲೆ ಕೊಂಚ ನರ್ತಿಸಿದಳು. ತಲೆಯ ವಸ್ತ್ರ ಜಾರಿತು. ಅಷ್ಟಕ್ಕೇ ಕೊಲೆಯ ಬೆದರಿಕೆಗಳು ಬಂದುವು. ಹವಾನಾ ಮಾರ್ಕಿಂಗ್ ಅವರು ೨೦೦೯ರಲ್ಲಿ ಹೊರತಂದ ಸಾಕ್ಷ್ಯಚಿತ್ರದಲ್ಲಿ ಈ ಪ್ರಸಂಗವನ್ನು ಕಾಣಬಹುದು. ೨೦೧೬ರ ಜನವರಿಯಲ್ಲಿ ಟೋಲೋ ಸಿಬ್ಬಂದಿಯನ್ನೊಯ್ಯುತ್ತಿದ್ದ ವಾಹನದ ಮೇಲೆ ತಾಲಿಬಾನರು ನಡೆಸಿದ ಆತ್ಮಾಹುತಿ ದಾಳಿಯಲ್ಲಿ ಏಳು ಮಂದಿ ನೌಕರರು ಮಡಿದರು. ಕಾರ್ಯಕ್ರಮವು ನಿಲ್ಲಲಿಲ್ಲ. ೨೦೧೭ರಲ್ಲಿ ಜುಲಾಲಾ ಹಾಶಿಮಿ ಎಂಬ ಪಶ್ತೂನ್ ಯುವತಿ ಎರಡನೆಯ ಸ್ಥಾನ ಪಡೆದಳು. ೨೦೧೯ರ ಮಾರ್ಚಿಯಲ್ಲಿ, ಹದಿನಾಲ್ಕನೆಯ ಆವೃತ್ತಿಯಲ್ಲಿ, ಹಜಾರಾ ಪಂಗಡದ ಜಹ್ರಾ ಇಲ್ಹಾಮ್ ಗೆದ್ದು ಈ ಸ್ಪರ್ಧೆಯ ಪ್ರಥಮ ವಿಜೇತೆಯಾದಳು. ಅಲ್ಪಸಂಖ್ಯಾತಳಾದ ಆಕೆಗೆ ಇತರ ಕುಲದವರೂ ಮತವಿತ್ತಿರಬೇಕೆಂದು ಊಹಿಸಬಹುದು. ಮೇಲೆ ಹೇಳಿದ ಮತದಾನದ ಕ್ರಮದಿಂದಾಗಿ ಅದನ್ನು ಸಿದ್ಧಾಂತವೆಂದು ಸ್ಥಾಪಿಸಲಾಗದು.

ಆಕೆ ಗೆದ್ದಾಗ ಅಮೆರಿಕೆಗೂ ತಾಲಿಬಾನರಿಗೂ ದೋಹಾದಲ್ಲಿ ಮಾತುಕತೆ ನಡೆಯುತ್ತಲಿತ್ತು. ೨೦೨೧ರ ಆಗಸ್ಟ್ ೧೫ರಂದು ಕಾಬೂಲು ಅವರ ವಶವಾಯಿತು, ಸ್ಪರ್ಧೆಯೂ ಕೊನೆಗೊಂಡಿತು. ೨೦೨೩ರಲ್ಲಿ ಹೆರಾತಿನಲ್ಲಿ ವಾದ್ಯಗಳನ್ನು ರಾಶಿಹಾಕಿ ಸುಟ್ಟರು. ೨೦೨೪ರ ಆಗಸ್ಟಿನಲ್ಲಿ ಪ್ರಕಟವಾದ ಶಾಸನವು ಸ್ತ್ರೀಯ ಧ್ವನಿಯನ್ನೇ ಮರೆಮಾಡತಕ್ಕ ವಸ್ತುಗಳ ಸಾಲಿಗೆ ಸೇರಿಸಿದೆ.