ಕಿಡ್ನಿ ಬರೆದ ಚೀಟಿ

ಕಿಡ್ನಿ ಕಸಿ ಮಾಡಿಸಿಕೊಂಡವರ ಮನೆಯಲ್ಲಿ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಹೆಸರು ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತಿರುತ್ತದೆ. ರಕ್ತ ಕೊಟ್ಟು ಬಂದ ದಿನ ರಿಪೋರ್ಟ್ ಕೈಗೆ ಬರುವವರೆಗೆ ಯಾರಿಗೂ ಊಟ ಸೇರುವುದಿಲ್ಲ. 1.2 ಇದ್ದರೆ ನಿರಾಳ. 1.8 ಅಂದರೆ ಮನೆಯೆಲ್ಲ ಮೌನ. ಆದರೆ ಈ ಅಂಕಿ ತಡವಾಗಿ ಮುಟ್ಟುವ ಸುದ್ದಿ. ರೋಗನಿರೋಧಕ ಕೋಶಗಳು ಹೊಸ ಕಿಡ್ನಿಯೊಳಗೆ ನುಗ್ಗಿ ಸಾಕಷ್ಟು ಹಾಳು ಮಾಡಿದ ಮೇಲೆಯೇ ಅದು ಏರುವುದು.

1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಡಾ. ಜೋಸೆಫ್ ಮರ್ರೆ ತಂಡ ರೊನಾಲ್ಡ್ ಹೆರಿಕ್‌ನ ಕಿಡ್ನಿಯನ್ನು ಅವನ ತದ್ರೂಪಿ ಅವಳಿ ರಿಚರ್ಡ್‌ಗೆ ಜೋಡಿಸಿತು. ದೇಹ ಒಪ್ಪುತ್ತದೆಯೇ ಎಂದು ಅದಕ್ಕೂ ಮುಂಚೆ ಒಬ್ಬನ ಚರ್ಮದ ತುಂಡನ್ನು ಇನ್ನೊಬ್ಬನ ಮೈಗೆ ಕಸಿ ಮಾಡಿ ನೋಡಿದ್ದರು. ಚರ್ಮ ಹತ್ತಿತು, ಕಿಡ್ನಿಯೂ ಹತ್ತಿತು. ರಿಚರ್ಡ್ ಮತ್ತೆ ಎಂಟು ವರ್ಷ ಬದುಕಿದ. ಅವಳಿ ಇಲ್ಲದವರಿಗಾಗಿ ರೋಗನಿರೋಧಕ ಕೋಶಗಳನ್ನು ಹತ್ತಿಕ್ಕುವ ಔಷಧಿ ಅಜಥಯೋಪ್ರಿನ್ ಬಂತು, 1980ರ ದಶಕದಲ್ಲಿ ಸೈಕ್ಲೋಸ್ಪೋರಿನ್ ಬಂತು. ದೇಹ ಹೊಸ ಕಿಡ್ನಿಯನ್ನು ಒಲ್ಲೆನ್ನುವ ತಿರಸ್ಕಾರ ಶುರುವಾಗಿದೆಯೇ ಎಂದು ಖಚಿತಪಡಿಸಿಕೊಳ್ಳಲು ಮಾತ್ರ ಬಯಾಪ್ಸಿಯೇ ಗತಿ.

ಕಸಿ ಕಿಡ್ನಿ ಇರುವುದು ಕಿಬ್ಬೊಟ್ಟೆಯಲ್ಲಿ, ಚರ್ಮದ ಕೆಳಗೇ. ಬಯಾಪ್ಸಿಗೆಂದು ಅಲ್ಲಿಗೆ ಸೂಜಿ ಹಾಕಿ ಶಾವಿಗೆ ಎಳೆಯಂಥ ತುಣುಕನ್ನು ತೆಗೆಯುತ್ತಾರೆ. ಆಮೇಲೆ ಗಂಟೆಗಟ್ಟಲೆ ಅಲ್ಲಾಡದೆ ಮಲಗಬೇಕು. ಮೂತ್ರ ಕೆಂಪಾಗುತ್ತದೆಯೇ ಎಂದು ನರ್ಸ್ ಬಂದು ಬಂದು ನೋಡುತ್ತಾರೆ. ವಾರವಾರ ಮಾಡುವ ಕೆಲಸವಲ್ಲ ಇದು.

ಹಾಗಾದರೆ ಕೋಶಗಳು ದಾಳಿಗೆ ಸಿದ್ಧವಾಗುವಾಗಲೇ ತಿಳಿಯಲಾಗದೇ? ನಮ್ಮ ಎಲ್ಲ ಕೋಶಗಳಲ್ಲೂ ಇರುವ ವಂಶವಾಹಿಗಳು ಬಹುಮಟ್ಟಿಗೆ ಒಂದೇ. ಯಾವುದು ಈಗ ಕೆಲಸ ಮಾಡುತ್ತಿದೆ ಎಂಬುದಷ್ಟೇ ಬೇರೆ ಬೇರೆ. ಕೆಲಸಕ್ಕಿಳಿದ ವಂಶವಾಹಿ ತನ್ನ ಆದೇಶವನ್ನು ಎಂಆರ್‌ಎನ್‌ಎ ಎಂಬ ಚೀಟಿಯಲ್ಲಿ ಬರೆದು ಕಳಿಸುತ್ತದೆ. ಅಡುಗೆ ಭಟ್ಟರ ಸಾಮಾನಿನ ಚೀಟಿ ನೋಡಿದರೆ ಮನೆಯಲ್ಲಿ ನಡೆಯಲಿರುವುದು ಮದುವೆಯೋ ತಿಥಿಯೋ ಗೊತ್ತಾಗುತ್ತದಲ್ಲ, ಹಾಗೆ.

ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಮಾಣಿಕ್ಕಂ ಸುತಂತಿರನ್ ತಂಡ ಆ ಚೀಟಿಯನ್ನು ಮೂತ್ರದಲ್ಲಿ ಹುಡುಕಿತು. ಕಿಡ್ನಿಗೆ ನುಗ್ಗಿದ ಕೋಶಗಳಲ್ಲಿ ಕೆಲವು ಮೂತ್ರದ ಜೊತೆ ಹೊರಬರುತ್ತವೆ. ಮೂತ್ರವನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಅವು ತಳದಲ್ಲಿ ಕೂರುತ್ತವೆ. 2001ರಲ್ಲಿ ಆ ಗಷ್ಟಿನಲ್ಲಿ ಅವರು ಅಳೆದದ್ದು ಎರಡು ಪ್ರೋಟೀನ್‌ಗಳ ಚೀಟಿಗಳನ್ನು: ಎದುರಿನ ಕೋಶಕ್ಕೆ ತೂತು ಕೊರೆಯುವ ಪರ್ಫೋರಿನ್, ಆ ತೂತಿನಲ್ಲಿ ಹೊಕ್ಕು ಕೋಶವನ್ನು ಸಾಯಿಸುವ ಗ್ರಾನ್‌ಜೈಮ್ ಬಿ. ತಿರಸ್ಕಾರ ನಡೆದಿದ್ದವರಲ್ಲಿ ಎರಡೂ ಹೆಚ್ಚಿದ್ದವು. 2013ರ ಹೊತ್ತಿಗೆ 485 ರೋಗಿಗಳ 4,300 ಮೂತ್ರ ಮಾದರಿಗಳ ಅಧ್ಯಯನ ಮುಗಿದಿತ್ತು. ಬಯಾಪ್ಸಿಗೆ ಸುಮಾರು 20 ದಿನ ಮೊದಲಿಂದಲೇ ಎಂಆರ್‌ಎನ್‌ಎ ಸೂಚಕ ಏರತೊಡಗಿತ್ತು. ಇಪ್ಪತ್ತು ದಿನ! ಔಷಧಿಯ ಪ್ರಮಾಣ ಸರಿಪಡಿಸಿ ಒಂದು ಕಿಡ್ನಿ ಉಳಿಸಿಕೊಳ್ಳಲು ಅದು ದೊಡ್ಡ ಅವಧಿ. ಅದೇ ಪರೀಕ್ಷೆ ಐವರಲ್ಲಿ ಒಬ್ಬರ ತಿರಸ್ಕಾರವನ್ನು ಹಿಡಿಯಲಾರದು ಎಂಬುದೂ ಅಷ್ಟೇ ನಿಜ. ಸೂಜಿಯನ್ನು ಹಾಗಾಗಿ ಇನ್ನೂ ಬದಿಗಿಡುವಂತಿಲ್ಲ.

ಅತ್ತ ಸೂಜಿಯ ತುಣುಕನ್ನೇ ಹೊಸದಾಗಿ ಓದುವವರೂ ಹುಟ್ಟಿಕೊಂಡರು. ಕೆನಡಾದ ಎಡ್ಮಂಟನ್‌ನಲ್ಲಿ ಡಾ. ಫಿಲಿಪ್ ಹ್ಯಾಲೊರನ್ ಬಯಾಪ್ಸಿಯಲ್ಲಿ ಸಾವಿರಾರು ವಂಶವಾಹಿಗಳ ಚಟುವಟಿಕೆಯನ್ನು ಒಟ್ಟಿಗೆ ಅಳೆಯುವ ವಿಧಾನ ಬೆಳೆಸಿದರು. 2003ರಲ್ಲಿ ಸ್ಟ್ಯಾನ್‌ಫರ್ಡ್‌ನ ಡಾ. ಮಿನ್ನಿ ಸರ್ವಾಲ್ ತಂಡ ಇದೇ ಬಗೆಯಲ್ಲಿ ನೋಡಿದಾಗ, ತಿರಸ್ಕಾರಗೊಂಡ ಕೆಲವು ಕಿಡ್ನಿಗಳಲ್ಲಿ ಬಿ ಕೋಶಗಳೆಂಬ ರೋಗನಿರೋಧಕ ಕೋಶಗಳು ಗುಂಪುಗಟ್ಟಿ ಕೂತಿದ್ದವು. ಸ್ಟೀರಾಯ್ಡ್‌ಗೂ ಬಗ್ಗದ ತಿರಸ್ಕಾರಗಳು ಅವು.

ನನ್ನನ್ನು ಬಹಳ ದಿನ ಕಾಡಿದ ತಿರುವು ಬಂದದ್ದು 2010ರಲ್ಲಿ. ಯಾವ ಯಾವುದೋ ಕಾರಣಕ್ಕೆ ತಿರಸ್ಕಾರ ತಡೆಯುವ ಮಾತ್ರೆ ಬಿಟ್ಟು ಒಂದು ವರ್ಷ ದಾಟಿದರೂ ಕಿಡ್ನಿ ಚೆನ್ನಾಗಿಯೇ ಇದ್ದ 25 ಜನರನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿದರು. ಅವರಲ್ಲಿ ಎದ್ದು ಕಂಡದ್ದು ಬಿ ಕೋಶಗಳ ವಂಶವಾಹಿಗಳದೇ ಸದ್ದು. ಅದೇ ಹೊತ್ತಿಗೆ ಯುರೋಪಿನ ತಂಡವೊಂದೂ ಬಿ ಕೋಶಗಳತ್ತಲೇ ಬೊಟ್ಟು ಮಾಡಿತು. ಅವೇ ಕೋಶಗಳು ಒಂದು ಕಡೆ ಹಗೆಗಳ ಗುಂಪಿನಲ್ಲಿ ಸಿಕ್ಕವು, ಇನ್ನೊಂದು ಕಡೆ ಕಿಡ್ನಿಯನ್ನು ಒಪ್ಪಿಕೊಂಡವರ ರಕ್ತದಲ್ಲಿ ಸಿಕ್ಕವು.

ಬಿ ಕೋಶಗಳ ಈ ಗುರುತು ನಿಮ್ಮಲ್ಲಿದೆ, ಇನ್ನು ಮಾತ್ರೆ ನಿಲ್ಲಿಸಿ ಎಂದು ಹೇಳುವ ಧೈರ್ಯ ವೈದ್ಯರಿಗೆ ಇನ್ನೂ ಬಂದಿಲ್ಲ. ಕಸಿಯಾದವರ ಮೊಬೈಲಿನಲ್ಲಿ ಬೆಳಿಗ್ಗೆ ಎಂಟಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ ಟ್ಯಾಕ್ರೊಲಿಮಸ್ ಮಾತ್ರೆಯ ಅಲಾರಾಂ ಹೊಡೆಯುತ್ತಲೇ ಇದೆ.