ನಾಯಕ ಬದಲಾದಾಗ ಬದಲಾಗುವುದೇನು, ಉಳಿಯುವುದೇನು?

ಇಂದಿರಾನಗರ, ದೊಮ್ಮಲೂರುಗಳ ಅಂಚಿನಲ್ಲಿ ಪೂರ್ವಕ್ಕೆ ಸಾಗುವ ದಾರಿಯನ್ನು ಜನ ಇಂದಿಗೂ ಹಳೆಯ ವಿಮಾನ ನಿಲ್ದಾಣ ರಸ್ತೆಯೆಂದೇ ಕರೆಯುತ್ತಾರೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಹೊಸ ನಿಲ್ದಾಣ ಆರಂಭವಾಗುವವರೆಗೆ ರಾಜಧಾನಿಯ ವಿಮಾನ ಪ್ರಯಾಣಿಕರು ಬಂದಿಳಿಯುತ್ತಿದ್ದುದು ಈ ರಸ್ತೆಯ ಎಚ್.ಎ.ಎಲ್. ನಿಲ್ದಾಣದಲ್ಲಿ. 1990ರ ಅಕ್ಟೋಬರ್ ತಿಂಗಳ ಆರಂಭದಲ್ಲಿ ಕಾಂಗ್ರೆಸ್ ಪಕ್ಷದ ಅಧ್ಯಕ್ಷರಾಗಿದ್ದ ರಾಜೀವ್ ಗಾಂಧಿಯವರು, ಕರ್ನಾಟಕದ ಮುಖ್ಯಮಂತ್ರಿ ಬದಲಾಗುತ್ತಾರೆಂಬ ಮಾತನ್ನು ಇದೇ ನಿಲ್ದಾಣದಲ್ಲಿ ಸುದ್ದಿಗಾರರ ಮುಂದೆ ಆಡಿ ದೆಹಲಿಗೆ ಮರಳಿದರು. ಆಗ ಆ ಸ್ಥಾನದಲ್ಲಿದ್ದವರು ವೀರೇಂದ್ರ ಪಾಟೀಲರು. ಅವರು ಅನಾರೋಗ್ಯದಿಂದ ಬಳಲುತ್ತಿದ್ದರು. ಚನ್ನಪಟ್ಟಣ, ರಾಮನಗರಗಳ ಕಡೆ ಕೋಮುಗಲಭೆ ನಡೆದಿತ್ತು. ಬದಲಾವಣೆಗೆ ಕಾರಣಗಳು ಇದ್ದಿರಬಹುದು. ಅದನ್ನು ತಿಳಿಸಿದ ರೀತಿ ಮಾತ್ರ ನಮ್ಮ ಸಮಾಜದ ಹಿರಿಯರ ಮನಸ್ಸಿನಿಂದ ಇಂದಿಗೂ ಮಾಸಿಲ್ಲ.

ಆದರೆ ನೆನಪು ಬೇರೆ, ಅರಿವು ಬೇರೆ. ಪಕ್ಷವೊಂದು ತನ್ನ ನಾಯಕನನ್ನು ಬದಲಿಸಿದಾಗ ಸರ್ಕಾರದ ನೀತಿಯಲ್ಲಿ ಏನಾಗುತ್ತದೆ, ಮತ ಕೊಟ್ಟ ಪ್ರಜೆಯ ಪಾಲಿಗೆ ಏನು ಉಳಿಯುತ್ತದೆ ಎಂಬುದನ್ನು ನೋವಿನಾಚೆಗೆ ನಿಂತು ತಿಳಿಯುವುದು ಅಗತ್ಯ.

ಮೊದಲು ವಿಧಾನವನ್ನು ನೋಡೋಣ. ನಾವು ಮತಯಂತ್ರದ ಮುಂದೆ ನಿಂತಾಗ ಮನಸ್ಸಿನಲ್ಲಿರುವುದು ಹೆಚ್ಚಾಗಿ ಒಬ್ಬ ನಾಯಕನ ಮುಖ. ಕಾನೂನಿನ ದೃಷ್ಟಿಯಲ್ಲಿ ನಾವು ಆರಿಸುವುದು ನಮ್ಮ ಕ್ಷೇತ್ರದ ಶಾಸಕನನ್ನು ಮಾತ್ರ. ಸಂವಿಧಾನದ 164ನೆಯ ವಿಧಿಯ ಪ್ರಕಾರ ಮುಖ್ಯಮಂತ್ರಿಯನ್ನು ನೇಮಿಸುವವರು ರಾಜ್ಯಪಾಲರು. ಮಂತ್ರಿಮಂಡಲವು ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆಯಾಗಿರುತ್ತದೆ. ಬಹುಮತವುಳ್ಳ ಶಾಸಕಾಂಗ ಪಕ್ಷವು ಹೊಸ ನಾಯಕನನ್ನು ಆರಿಸಿದರೆ, ಜನರ ಬಳಿಗೆ ಮತ್ತೆ ಹೋಗದೆಯೇ ಸರ್ಕಾರದ ಮುಖ ಬದಲಾಗಬಹುದು. ಇದು ನಿಯಮಕ್ಕೆ ವಿರುದ್ಧವಲ್ಲ. ಆದರೆ ಮತದಾರ ಕೊಟ್ಟೆನೆಂದುಕೊಂಡದ್ದಕ್ಕೂ ನಿಯಮದಂತೆ ಕೊಟ್ಟದ್ದಕ್ಕೂ ನಡುವೆ ಒಂದು ಅಂತರವಿದೆ. ನಾಯಕತ್ವದ ಬದಲಾವಣೆಯ ಎಲ್ಲ ಅಸಮಾಧಾನವೂ ಹುಟ್ಟುವುದು ಆ ಅಂತರದಲ್ಲಿಯೇ.

1989ರ ಚುನಾವಣೆಯಲ್ಲಿ ವೀರೇಂದ್ರ ಪಾಟೀಲರ ಮುಂದಾಳತ್ವದಲ್ಲಿ ಕಾಂಗ್ರೆಸ್ 224 ಸ್ಥಾನಗಳಲ್ಲಿ 178ನ್ನು ಗೆದ್ದಿತ್ತು. ಪಾಟೀಲರು ಒಂದು ವರ್ಷವನ್ನೂ ಪೂರೈಸಲಿಲ್ಲ. ಅವರು ರಾಜೀನಾಮೆಗೆ ಒಪ್ಪದಿದ್ದಾಗ 1990ರ ಅಕ್ಟೋಬರ್ 10ರಂದು ರಾಷ್ಟ್ರಪತಿ ಆಳ್ವಿಕೆ ಬಂದಿತು. ಒಂದು ವಾರದ ಬಳಿಕ, 17ರಂದು, ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಯಾದರು. 1992ರ ನವೆಂಬರ್ ತಿಂಗಳಲ್ಲಿ ಅವರ ಸ್ಥಾನಕ್ಕೆ ಎಂ. ವೀರಪ್ಪ ಮೊಯಿಲಿಯವರು ಬಂದರು. ಹೀಗೆ ಒಂದೇ ಜನಾದೇಶದ ಮೇಲೆ ಮೂವರು ಆಳಿದರು.

ಈ ಮೂವರ ಕಾಲದಲ್ಲಿ ಪಕ್ಷ ಒಂದೇ, ಪ್ರಣಾಳಿಕೆ ಒಂದೇ. ಸರ್ಕಾರದ ನಡೆ ಮಾತ್ರ ಒಂದೇ ಆಗಿರಲಿಲ್ಲ. ಬಂಗಾರಪ್ಪನವರು ಮನೆಯಿಲ್ಲದವರಿಗೆ ಆಶ್ರಯ, ಗ್ರಾಮೀಣ ಕಸುಬುಗಳಿಗೆ ವಿಶ್ವ, ಗ್ರಾಮಗಳ ಆರಾಧನಾ ಸ್ಥಳಗಳಿಗೆ ಆರಾಧನಾ ಎಂಬ ಯೋಜನೆಗಳನ್ನು ಮುಂದಕ್ಕೆ ತಂದರು. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ಉಚಿತ ವಿದ್ಯುತ್ ನೀಡಿದರು. ಮೊಯಿಲಿಯವರ ಕಾಲದಲ್ಲಿ ಒತ್ತು ಶಿಕ್ಷಣದ ಕಡೆಗೆ ಹೊರಳಿ, ವೃತ್ತಿಶಿಕ್ಷಣಕ್ಕೆ ಸಾಮಾನ್ಯ ಪ್ರವೇಶ ಪರೀಕ್ಷೆಯ ವ್ಯವಸ್ಥೆ ರೂಪುಗೊಂಡಿತು. ಬಡ ಮನೆಯ ಮಗುವೂ ಅಂಕದ ಬಲದಿಂದ ಎಂಜಿನಿಯರಿಂಗ್, ವೈದ್ಯಕೀಯ ಸೀಟು ಪಡೆಯುವ ದಾರಿ ಅದರಿಂದ ಅಗಲವಾಯಿತು.

ಇಲ್ಲಿ ಗಮನಿಸಬೇಕಾದ ತತ್ತ್ವವೊಂದಿದೆ. ನಾಯಕ ಬದಲಾದರೆ ಕಾಯಿದೆಗಳು ಒಮ್ಮೆಗೇ ಬದಲಾಗುವುದಿಲ್ಲ, ಅಂಗೀಕಾರವಾದ ಆಯವ್ಯಯ ರದ್ದಾಗುವುದಿಲ್ಲ, ಅಧಿಕಾರಿ ವರ್ಗ ಉಳಿದೇ ಇರುತ್ತದೆ. ಬದಲಾಗುವುದು ಆದ್ಯತೆ. ಯಾರಿಗೆ ಯಾವ ಖಾತೆ, ಮುಂದಿನ ಆಯವ್ಯಯದಲ್ಲಿ ಯಾವುದಕ್ಕೆ ಹಣ, ಯಾವ ಕಡತ ಮೇಲೆ, ಯಾವುದು ಕೆಳಗೆ, ಯಾವ ಅಧಿಕಾರಿ ಎಲ್ಲಿಗೆ ಎಂಬ ನಾಲ್ಕು ದಾರಿಗಳಿಂದ ಹೊಸ ನಾಯಕನ ಮನಸ್ಸು ಜನರ ಮನೆ ಬಾಗಿಲಿಗೆ ಬರುತ್ತದೆ.

ಅದು ಎಷ್ಟು ದೂರ ಮುಟ್ಟುತ್ತದೆಂಬುದಕ್ಕೆ 1991ರ ಕಾವೇರಿ ಪ್ರಕರಣವೇ ಸಾಕ್ಷಿ. ನ್ಯಾಯಮಂಡಳಿಯ ಮಧ್ಯಂತರ ಆದೇಶದ ಎದುರು ಬಂಗಾರಪ್ಪನವರ ಸರ್ಕಾರ ಜುಲೈ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಬಾಹಿರವೆಂದಿತು. ಡಿಸೆಂಬರ್ ತಿಂಗಳಲ್ಲಿ ಬೆಂಗಳೂರು ಹಿಂಸೆಯನ್ನು ಕಂಡಿತು, ಜೀವಗಳು ಹೋದವು. ಹಲಸೂರು, ಶಿವಾಜಿನಗರಗಳಂತಹ ದಂಡು ಪ್ರದೇಶದ ಬಡಾವಣೆಗಳಲ್ಲಿ ತಮಿಳು ಮನೆಮಾತಿನವರು ತಲೆಮಾರುಗಳಿಂದ ನಮ್ಮೊಡನೆ ಬಾಳಿದ್ದಾರೆ. ನದಿಯ ಮೇಲಿನ ನಾಡಿನ ಹಕ್ಕು ನ್ಯಾಯವಾದುದೇ. ಅದನ್ನು ಕೇಳುವ ಧಾಟಿಯ ಪರಿಣಾಮ ಮಾತ್ರ ನದಿಯಿಂದ ದೂರದ ಬೀದಿಗೂ ಬರುತ್ತದೆ. ಬೇರೊಬ್ಬರು ಆ ಪೀಠದಲ್ಲಿದ್ದರೆ ಬೇರೇನಾಗುತ್ತಿತ್ತೆಂದು ಯಾರೂ ಹೇಳಲಾರರು. ನಾಯಕನ ಸ್ವಭಾವವೂ ನೀತಿಯ ಒಂದು ಭಾಗವೆಂಬುದಂತೂ ನಿಜ.

ಇನ್ನು ಮತದಾರನ ಮಾತು. 1994ರಲ್ಲಿ ಕಾಂಗ್ರೆಸ್ 178ರಿಂದ 34ಕ್ಕೆ ಇಳಿಯಿತು. ಲಿಂಗಾಯತರು ಪಾಟೀಲರಿಗಾದ ಅವಮಾನಕ್ಕೆ ಉತ್ತರ ಕೊಟ್ಟರೆಂದು ಸಾಮಾನ್ಯವಾಗಿ ಹೇಳುತ್ತೇವೆ. ಅದರಲ್ಲಿ ಸತ್ಯವಿದೆ, ಪೂರ್ಣ ಸತ್ಯವಿಲ್ಲ. ಪಾಟೀಲರು ಇಳಿದ ಮರುವರ್ಷವೇ, ರಾಜೀವ್ ಗಾಂಧಿಯವರ ಹತ್ಯೆಯ ನೆರಳಿನಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ, ಅದೇ ಕಾಂಗ್ರೆಸ್ ರಾಜ್ಯದ 28 ಸ್ಥಾನಗಳಲ್ಲಿ 23ನ್ನು ಗೆದ್ದಿತ್ತು. 1994ರ ಹೊತ್ತಿಗೆ ಬಂಗಾರಪ್ಪನವರೂ ಬೇರೆ ಪಕ್ಷ ಕಟ್ಟಿ ಮತಗಳನ್ನು ಒಡೆದಿದ್ದರು. ನೋವು ಒಂದು ಕಾರಣ. ಒಡಕು, ಅಸ್ಥಿರತೆ, ಆಡಳಿತದ ಬೇಸರ ಉಳಿದ ಕಾರಣಗಳು.

ಇದು ಒಂದೇ ಪಕ್ಷದ ಕಥೆಯೂ ಅಲ್ಲ. 2008ರಲ್ಲಿ 110 ಸ್ಥಾನ ಪಡೆದ ಭಾರತೀಯ ಜನತಾ ಪಕ್ಷ ಐದು ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳನ್ನು ಕಂಡು, 2013ರಲ್ಲಿ 40ಕ್ಕೆ ಇಳಿಯಿತು. ಹಾಗೆಂದು ನಾಯಕನನ್ನು ಉಳಿಸಿಕೊಂಡ ಪಕ್ಷ ಗೆದ್ದೇ ಗೆಲ್ಲುತ್ತದೆಂದೂ ಇಲ್ಲ. ಸಿದ್ದರಾಮಯ್ಯನವರು 2013ರಿಂದ ಪೂರ್ಣ ಅವಧಿ ಆಳಿದರೂ 2018ರಲ್ಲಿ ಅವರ ಪಕ್ಷ 122ರಿಂದ 80ಕ್ಕೆ ಬಂದಿತು. ಬದಲಾವಣೆ ಸೌಹಾರ್ದದಿಂದಲೂ ಆಗಬಹುದು. 1996ರಲ್ಲಿ ದೇವೇಗೌಡರು ಪ್ರಧಾನಿಯಾದಾಗ ಉಪಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರು ಆ ಸ್ಥಾನಕ್ಕೆ ಬಂದರು. ಮರುವರ್ಷ ಬಾಗಲಕೋಟೆ, ಗದಗ, ಹಾವೇರಿ, ದಾವಣಗೆರೆ ಸೇರಿ ಏಳು ಹೊಸ ಜಿಲ್ಲೆಗಳು ಹುಟ್ಟಿದವು.

ಮತದಾರರೆಲ್ಲ ಒಂದೇ ರೀತಿ ಉತ್ತರಿಸುವುದಿಲ್ಲ ಎಂಬುದನ್ನು ರಾಜಧಾನಿಯ ಈ ಪೂರ್ವ ಭಾಗವೇ ತೋರಿಸಿಕೊಟ್ಟಿದೆ. 2019ರ ಜುಲೈ ತಿಂಗಳಲ್ಲಿ ಶಾಸಕರ ರಾಜೀನಾಮೆಗಳಿಂದ ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರ ಬಿದ್ದು, ಬಿ.ಎಸ್. ಯಡಿಯೂರಪ್ಪನವರು ಮುಖ್ಯಮಂತ್ರಿಯಾದರು. ಕೃಷ್ಣರಾಜಪುರ, ಶಿವಾಜಿನಗರಗಳೆರಡರ ಕಾಂಗ್ರೆಸ್ ಶಾಸಕರೂ ಅನರ್ಹಗೊಂಡರು. ಡಿಸೆಂಬರ್ 5ರಂದು ಎರಡೂ ಕಡೆ ಉಪಚುನಾವಣೆ ನಡೆಯಿತು. ಕೃಷ್ಣರಾಜಪುರದ ಜನ ಪಕ್ಷ ಬದಲಿಸಿ ಬಂದ ಬೈರತಿ ಬಸವರಾಜರನ್ನೇ ಮತ್ತೆ ಆರಿಸಿದರು; ಶಿವಾಜಿನಗರದ ಜನ ಹೊಸ ಅಭ್ಯರ್ಥಿಯನ್ನು ಗೆಲ್ಲಿಸಿ ಹಳೆಯ ಪಕ್ಷವನ್ನೇ ಉಳಿಸಿಕೊಂಡರು. ಒಂದೆಡೆ ವ್ಯಕ್ತಿ ಉಳಿದರು, ಇನ್ನೊಂದೆಡೆ ಪಕ್ಷ ಉಳಿಯಿತು. ನಗರ ಒಂದೇ, ದಿನ ಒಂದೇ, ತೀರ್ಪು ಎರಡು.

ಶರಣರು ಇದನ್ನು ಹೇಗೆ ಕಂಡಾರು? ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ಅಧಿಕಾರ ಅವರಿಗೆ ಕಾಯಕವಾಗಿತ್ತು, ಆಸ್ತಿಯಾಗಿರಲಿಲ್ಲ. ಅನುಭವ ಮಂಟಪದ ಶೂನ್ಯ ಪೀಠಕ್ಕೆ ಅವರು ತಾವು ಏರದೆ ಅಲ್ಲಮಪ್ರಭುಗಳನ್ನು ಗೌರವದಿಂದ ಕೂಡಿಸಿದರೆಂದು ನಮ್ಮ ಪರಂಪರೆ ಹೇಳುತ್ತದೆ. ಪೀಠದಲ್ಲಿ ಯಾರು ಎಂಬುದಕ್ಕಿಂತ ಅಲ್ಲಿ ನಡೆಯುವ ವಿಚಾರ ಏನು ಎಂಬುದು ಅಲ್ಲಿ ಮುಖ್ಯವಾಗಿತ್ತು. ಈ ಅಳತೆಗೋಲಿನಿಂದ ಎರಡು ಮಾತು ಹೊರಡುತ್ತವೆ. ಪಕ್ಷಗಳಿಗೆ: ನಾಯಕನನ್ನು ಬದಲಿಸುವ ಹಕ್ಕು ನಿಮ್ಮದು, ಕಾರಣ ಹೇಳುವ ಹೊಣೆಯೂ ನಿಮ್ಮದೇ; ಹಿರಿಯರನ್ನು ಬೀಳ್ಕೊಡುವ ರೀತಿಯಲ್ಲಿ ಗೌರವವಿರಲಿ. ನಮಗೆ: ನಮ್ಮ ಸಮಾಜದ ಒಬ್ಬರು ಇಳಿದಾಗ ನೊಂದುಕೊಳ್ಳುವುದು ಸಹಜ, ಆದರೆ ಅಷ್ಟಕ್ಕೇ ನಿಂತರೆ ನಮ್ಮ ಮತದ ಬೆಲೆಯನ್ನು ನಾವೇ ಕುಗ್ಗಿಸಿದಂತೆ. ಹೊಸಬರು ಬಂದಾಗ ಅವರ ಕುಲವನ್ನು ಕೇಳುವ ಮೊದಲು, ಕೊಟ್ಟ ಮಾತುಗಳಲ್ಲಿ ಯಾವುದು ಉಳಿಯಿತು, ಯಾವುದು ಬಿಟ್ಟುಹೋಯಿತು, ಬರುವ ಆಯವ್ಯಯದಲ್ಲಿ ದುಡಿಯುವವರಿಗೆ ಏನಿದೆ ಎಂದು ಕೇಳೋಣ.

ವೀರೇಂದ್ರ ಪಾಟೀಲರು 1997ರಲ್ಲಿ ಲಿಂಗೈಕ್ಯರಾದರು. ಆ ನಿಲ್ದಾಣದಿಂದ ಇಂದು ಸಾರ್ವಜನಿಕರ ನಿತ್ಯದ ವಿಮಾನಗಳು ಹಾರುವುದಿಲ್ಲ. ಅಲ್ಲಿ ಆಡಿದ ಒಂದು ಮಾತನ್ನು ಮಾತ್ರ ನಾಡು ಮೂರು ದಶಕಗಳಿಂದ ಮರೆತಿಲ್ಲ. ನೆನಪು ನಮ್ಮನ್ನು ಎಚ್ಚರದಲ್ಲಿಡಲಿ, ಕಹಿಯಲ್ಲಿ ಅಲ್ಲ.