ಬೆಂಕಿ ಕಡೆದ ಕಂಬಗಳ ದ್ವೀಪ

ಗ್ರೀಸ್ ದೇಶದ ಸಾಂಟೊರಿನಿ ದ್ವೀಪದ ಚಿತ್ರವನ್ನು ಕಾಣದವರು ವಿರಳ. ನೀಲಿ ಕಡಲು, ಬೆಳ್ಳನೆಯ ಮನೆಗಳು, ಜ್ವಾಲಾಮುಖಿಯಿಂದಾದ ಕಡಿದಾದ ದಡ. ಅಂಥ ಚಿತ್ರವೊಂದನ್ನು ಹಿಡಿದು ನನ್ನ ಹತ್ತು ವರ್ಷದ ಮಗಳು, "ಅಪ್ಪಾ, ಇಲ್ಲಿಗೆ ಹೋಗುವುದು ಯಾವಾಗ?" ಎಂದಾಗ, ಅಧ್ಯಾಪಕನ ಸಂಬಳವನ್ನು ನೆನೆದು ತುಸು ಹೊತ್ತು ಸುಮ್ಮನಾದೆ. ಬಳಿಕ, "ಬೆಂಕಿಯಿಂದ ಹುಟ್ಟಿದ ದ್ವೀಪ ನಮ್ಮಲ್ಲಿಯೂ ಇದೆ; ಭಾನುವಾರ ಹೊರಡೋಣ" ಎಂದೆ.

ಮೆಲ್ಕಾರಿನಿಂದ ಬೆಳಗಿನ ಬಸ್ಸಿನಲ್ಲಿ ಮಂಗಳೂರು, ಅಲ್ಲಿಂದ ಉಡುಪಿ, ಮುಂದೆ ಮಲ್ಪೆ. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರೀಸ್ ದ್ವೀಪ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಶಿಲುಬೆ ನೆಟ್ಟು, ಮೇರಿ ಮಾತೆಯ ಹೆಸರಿಟ್ಟನೆಂದು ಪ್ರತೀತಿ.

ತೆಂಗಿನ ನೆರಳು, ಚಿಪ್ಪು ಹರಡಿದ ದಡ ಇವೆಲ್ಲ ಮನಸೆಳೆಯುವುದೇನೋ ನಿಜ. ಆದರೆ ಮೊದಲು ನೋಡತಕ್ಕದ್ದು ಅಲ್ಲಿಯ ಕಲ್ಲು. ಶಿಲ್ಪಿ ಕಡೆದು ಜೋಡಿಸಿದಂತೆ ಐದು, ಆರು, ಏಳು ಮುಖಗಳ ಕಂಬಗಳು ಸಾಲುಸಾಲಾಗಿ ನಿಂತಿವೆ. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರವೂ ಬೇರ್ಪಡುತ್ತಿದ್ದ ಕಾಲದಲ್ಲಿ ಭೂಗರ್ಭದಿಂದ ಉಕ್ಕಿದ ಲಾವಾರಸ ಆರುತ್ತ ಸಂಕುಚಿತವಾಗಿ ಬಿರುಕು ಬಿಟ್ಟಿತು; ಆ ಬಿರುಕುಗಳೇ ಈ ಕಂಬಗಳನ್ನು ರೂಪಿಸಿದುವು. ಭೂವಿಜ್ಞಾನಿಗಳು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದ್ದಾರೆ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಚಿತ್ರ ತೆಗೆಯುವ ಹುರುಪಿನಲ್ಲಿ, ಅಲೆ ಬಡಿಯುವ ಬಂಡೆಯ ಮೇಲೆ ನಿಲ್ಲಲು ಮಗಳಿಗೆ ನಾನೇ ಹೇಳಿದೆ. ಪಾಚಿಯ ಮೇಲೆ ಅವಳ ಕಾಲು ಜಾರಿತು. ನನ್ನಾಕೆ ತಟಕ್ಕನೆ ತೋಳು ಹಿಡಿದೆಳೆಯದಿದ್ದರೆ ಏನಾಗುತ್ತಿತ್ತೋ! ಮೊಣಕಾಲು ತರಚಿದ್ದಷ್ಟೇ ನಮ್ಮ ಪುಣ್ಯ. ಅವಳು ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಕ್ಯಾಮರಾವನ್ನು ಮಾತ್ರ ತೆಗೆದುಕೊಂಡು ಚೀಲದೊಳಗಿಟ್ಟಳು. ಹೋಗುವವರು ಕಾವಲುಗಾರರ ಮಾತು ಕೇಳಿ, ಹೊರಗಣ ಬಂಡೆಗಳಿಂದ ದೂರವಿರಿ.

ಮಳೆಗಾಲದಲ್ಲಿ ದೋಣಿಯಿಲ್ಲ, ದ್ವೀಪದಲ್ಲಿ ರಾತ್ರಿ ತಂಗುವಂತಿಲ್ಲ. ಕುಡಿಯುವ ನೀರು, ಕೊಡೆ ಜೊತೆಗಿರಲಿ. ಒಯ್ದ ಕಸ ಹಿಂದೆ ಬರಲಿ, ಕಲ್ಲು ಅಲ್ಲಿಯೇ ಉಳಿಯಲಿ.

ಹಿಂದಿರುಗುವ ದೋಣಿಯಲ್ಲಿ ಮಗಳು ಮೊಣಕಾಲಿನ ಗಾಯವನ್ನು ಮರೆತು ಕಂಬಗಳತ್ತಲೇ ನೋಡುತ್ತಿದ್ದಳು. "ಹಾಗಾದರೆ ಇಂಥದೇ ಬೆಂಕಿಕಲ್ಲು ಮಡಗಾಸ್ಕರದಲ್ಲಿಯೂ ಇದೆಯೇ?"

"ಇದೆ."

"ಅಲ್ಲಿಗೆ ಹೋಗುವುದು ಯಾವಾಗ ಅಪ್ಪಾ?"

ನಾನು ಮತ್ತೆ ಸುಮ್ಮನಾದೆ. ನನ್ನಾಕೆ ಆ ದಿನ ಮೊದಲ ಬಾರಿಗೆ ನಕ್ಕಳು.